ಹಲಗಲಿಯ ಗಲ್ಲು ಮತ್ತು ದೇಹಾಂತಶಿಕ್ಷೆಯ ಧರ್ಮವಿಚಾರ

ದುಷ್ಟನಿಗ್ರಹವು ರಾಜಧರ್ಮವೆಂಬುದು ಸರ್ವಸಮ್ಮತವಾದ ಮಾತು. ದಂಡವಿಲ್ಲದ ನಾಡಿನಲ್ಲಿ ಬಲ್ಲಿದನು ಬಡವನನ್ನು ಬಾಳಗೊಡನು. ಆದರೆ ಆ ದಂಡವು ಮನುಷ್ಯನ ಪ್ರಾಣವನ್ನೂ ಮುಟ್ಟಬಹುದೇ ಎಂಬ ಪ್ರಶ್ನೆಗೆ ಲೋಕದಲ್ಲಿ ಏಕಾಭಿಪ್ರಾಯವಿಲ್ಲ. ಇದನ್ನು ಬರಿಯ ತರ್ಕದಿಂದ ಬಿಡಿಸುವದಕ್ಕಿಂತ ನಡೆದ ಸಂಗತಿಗಳ ಬೆಳಕಿನಲ್ಲಿ ನೋಡುವದು ಲೇಸು. ಅದಕ್ಕೆ ಬೇಕಾದ ಸಾಕ್ಷ್ಯವು ಗಲಗಲಿಯ ನೆರೆಯಲ್ಲಿಯೇ ಇದೆ.

1857ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ದಂಗೆಯೆದ್ದಾಗ ಕಂಪನಿ ಸರಕಾರವು ಪ್ರಜೆಗಳ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆಯನ್ನು ತಂದಿತು. ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರಿಗೆ ಆಯುಧವೆಂಬುದು ಬರಿಯ ಕಬ್ಬಿಣವಾಗಿರಲಿಲ್ಲ. ಅದು ಹೊಟ್ಟೆಯ ಪಾಡಾಗಿತ್ತು, ಕುಲದ ಮರ್ಯಾದೆಯಾಗಿತ್ತು. ಅವರು ಅದನ್ನು ಒಪ್ಪಿಸಲೊಲ್ಲೆವೆಂದರು. ನವೆಂಬರ 29 ಮತ್ತು 30ರಂದು ಕರ್ನಲ್ ಮಾಲ್ಕಮನ ಕುದುರೆದಂಡು ಹಲಗಲಿಯನ್ನು ಮುತ್ತಿತು. ಊರು ಉರಿಯಿತು, ಸುಮಾರು ನೂರು ಜನ ಮಡಿದರು, ಸುಮಾರು 290 ಜನ ಸೆರೆಯಾದರು. ಡಿಸೆಂಬರ 11ರ ಶುಕ್ರವಾರ, ಮುಧೋಳದ ಸಂತೆಯ ದಿನ, 13 ಜನರನ್ನು ನೆರೆದ ಜನರೆದುರಿಗೆ ಗಲ್ಲಿಗೇರಿಸಲಾಯಿತು. 14ರಂದು ಉಳಿದ 6 ಜನರನ್ನು ಹಲಗಲಿಯಲ್ಲಿಯೇ ಗಲ್ಲಿಗೇರಿಸಲಾಯಿತು. ಸೆರೆಯಿಂದ ಗಲ್ಲಿಗೆ ನಡುವೆ ಹದಿನೈದು ದಿನಗಳೂ ಕಳೆದಿರಲಿಲ್ಲ.

ಸಂತೆಯ ದಿನವನ್ನೇ ಆರಿಸಿದ್ದರ ಉದ್ದೇಶವು ಸ್ಪಷ್ಟವಾಗಿದೆ. ಕಾಳು ಕೊಳ್ಳಲು ಬಂದವರು ಭಯವನ್ನು ಕಟ್ಟಿಕೊಂಡು ತಮ್ಮ ತಮ್ಮ ಹಳ್ಳಿಗಳಿಗೆ ಮರಳಬೇಕೆಂಬುದೇ ಅದು. ಆದರೆ ಫಲವು ಬೇರೆಯಾಯಿತು. ಮರುವರುಷ ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಆಯುಧ ಹಿಡಿದೆದ್ದರು. ಹಲಗಲಿಯವರ ಹೆಸರುಗಳು ಲಾವಣಿಯಾಗಿ ಡಪ್ಪಿನ ಸಂಗಡ ಊರೂರು ಸುತ್ತಿದವು. ಆ ಲಾವಣಿಯನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚುಮಾಡಿಸಿದವರು ಮುಂಬಯಿ ಸರಕಾರದ ಅಧಿಕಾರಿಯೂ ಶಾಸನಪಂಡಿತರೂ ಆದ ಫ್ಲೀಟರು. ಸರಕಾರವು ಅಪರಾಧಿಗಳೆಂದವರನ್ನು ನಾಡು ವೀರರೆಂದಿತು. ಇಂದು ಅವರನ್ನು ಅಪರಾಧಿಗಳೆನ್ನುವವರಿಲ್ಲ. ಆದರೆ ಆ 19 ಜೀವಗಳನ್ನು ಮರಳಿ ಕೊಡುವವರೂ ಇಲ್ಲ.

ಮುಧೋಳವನ್ನು ಮುಟ್ಟಿ ಬರುವ ಘಟಪ್ರಭೆಯು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆಯೂ ಬಂದು ಸೇರುವಳು. ಕಲ್ಯಾಣದ ಕ್ರಾಂತಿಯ ಕಾಲದಲ್ಲಿ ಬಸವಣ್ಣನವರು ಮರಳಿ ಬಂದದ್ದು ಆ ಸಂಗಮಕ್ಕೇ. ಅವರ ಬೆನ್ನ ಹಿಂದೆ ನಡೆದದ್ದೂ ದೇಹಾಂತಶಿಕ್ಷೆಯ ಪ್ರಕರಣವೇ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಶರಣ ಮಧುವರಸರ ಮಗಳಿಗೂ ವಿವಾಹವಾದುದು ವರ್ಣಧರ್ಮಕ್ಕೆ ದ್ರೋಹವೆಂದು ಬಗೆದು, ಬಿಜ್ಜಳನು ಆ ತಂದೆಗಳಿಬ್ಬರಿಗೂ ಎಳೆಹೂಟೆಯ ಶಿಕ್ಷೆ ವಿಧಿಸಿದನೆಂದು ಶರಣಪರಂಪರೆಯು ಹೇಳುತ್ತದೆ. ಆ ದಂಡದಿಂದ ರಾಜ್ಯಕ್ಕೆ ಶಾಂತಿಯಾಗಲಿಲ್ಲ; ಬಿಜ್ಜಳನೇ ಕೊಲೆಯಾದನು, ಶರಣರು ಚದುರಿದರು, ಕಲ್ಯಾಣವು ಹಾಳಾಯಿತೆಂದು ಅದೇ ಪರಂಪರೆಯು ಮುಂದುವರಿಸುತ್ತದೆ. ಅಂದು ಪ್ರಾಣಾಪರಾಧವೆನಿಸಿದ ಅಂಥ ವಿವಾಹಕ್ಕೆ ಇಂದು ದೇಶದ ಕಾಯಿದೆಯೇ ರಕ್ಷಣೆ ಕೊಡುತ್ತದೆ.

ದೇಹಾಂತಶಿಕ್ಷೆಯನ್ನು ಸಮರ್ಥಿಸುವವರು ಇದಕ್ಕೆ ಉತ್ತರವಾಗಿ, ಹರಳಯ್ಯನವರೂ ಹಲಗಲಿಯ ಬೇಡರೂ ಕೊಲೆಗಡುಕರಲ್ಲ, ನಿರಪರಾಧಿ ಕೂಸನ್ನು ಕೊಂದ ಕ್ರೂರಿಯ ಮಾತೇ ಬೇರೆ ಎನ್ನುವರು. ಈ ಮಾತು ತಳ್ಳಿಹಾಕತಕ್ಕದ್ದಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು ಕ್ಷಮೆಯನ್ನು ಉಪದೇಶಿಸುವದು ಸುಲಭವೂ ಅಲ್ಲ, ಸಭ್ಯವೂ ಅಲ್ಲ. ಆಕೆಗೆ ನ್ಯಾಯ ಸಲ್ಲಲೇಬೇಕು. ಘಾತುಕನು ಮತ್ತೊಬ್ಬರನ್ನು ಕೊಲ್ಲದಂತೆ ಸಮಾಜವು ಅವನನ್ನು ಕಟ್ಟಿಹಾಕಲೇಬೇಕು. ಆದರೆ ಯಾರು ಘಾತುಕರು, ಯಾರು ಅಲ್ಲವೆಂಬುದನ್ನು ನಿರ್ಣಯಿಸುವವರು ಎಲ್ಲ ಕಾಲದಲ್ಲಿಯೂ ಮನುಷ್ಯರೇ. ಬಿಜ್ಜಳನಿಗೂ ಮಾಲ್ಕಮನಿಗೂ ತಾವು ಧರ್ಮವನ್ನೇ ನಡೆಯಿಸುತ್ತಿರುವೆವೆಂಬ ನಂಬುಗೆ ಇದ್ದಿರಬೇಕು. ಸೆರೆಯಲ್ಲಿದ್ದವನ ವಿಷಯದಲ್ಲಿ ತಪ್ಪಾದರೆ ಬಾಗಿಲು ತೆರೆಯಬಹುದು. ಗಲ್ಲಿಗೇರಿದವನಿಗೆ ಯಾವ ಬಾಗಿಲನ್ನು ತೆರೆಯುವದು?

ದೇಶದ ಕಾಯಿದೆಯೂ ಈ ಸತ್ಯವನ್ನು ಮೆಲ್ಲಮೆಲ್ಲನೆ ಕಂಡುಕೊಂಡಿದೆ. ಬ್ರಿಟಿಷರ 1898ರ ಸಂಹಿತೆಯ ಪ್ರಕಾರ ಕೊಲೆಯ ಮೊಕದ್ದಮೆಯಲ್ಲಿ ಗಲ್ಲುಶಿಕ್ಷೆ ಕೊಡದಿದ್ದರೆ ನ್ಯಾಯಾಧೀಶನು ಕಾರಣ ಬರೆಯಬೇಕಾಗಿತ್ತು. 1955ರಲ್ಲಿ ಆ ಕಟ್ಟಳೆಯು ಅಳಿಯಿತು. 1973ರ ಸಂಹಿತೆಯು ಅದನ್ನು ತಿರುವುಮುರುವು ಮಾಡಿ, ಗಲ್ಲುಶಿಕ್ಷೆ ಕೊಡುವದಾದರೆ ವಿಶೇಷ ಕಾರಣ ಬರೆಯಬೇಕೆಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಸಂಹಿತೆಯೂ ಈ ನಿಯಮವನ್ನು ಉಳಿಸಿಕೊಂಡಿದೆ. 1980ರಲ್ಲಿ ಬಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಶಿಕ್ಷೆಯನ್ನು ಸಂವಿಧಾನಬಾಹಿರವೆನ್ನದಿದ್ದರೂ, ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಮಾತ್ರ ಅದು ಸಲ್ಲತಕ್ಕದ್ದೆಂದು ಗೆರೆ ಹಾಕಿತು. ಉಚ್ಚ ನ್ಯಾಯಾಲಯದ ದೃಢೀಕರಣ, ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾಧಿಕಾರ, ಇವೆಲ್ಲ ನ್ಯಾಯಪೀಠವೂ ತಪ್ಪಬಹುದೆಂಬ ಒಪ್ಪಿಗೆಯೇ ಅಲ್ಲವೇ? 1949ರ ಜೂನ್‌ನಲ್ಲಿ ಸಂವಿಧಾನಸಭೆಯಲ್ಲಿ ಡಾ. ಅಂಬೇಡಕರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಹಿಂಸೆಯನ್ನು ಆದರ್ಶವೆಂದು ನಂಬುವ ಈ ದೇಶವು ದೇಹಾಂತಶಿಕ್ಷೆಯನ್ನೇ ತೆಗೆದುಹಾಕುವದು ಯುಕ್ತವೆಂಬ ಅಭಿಪ್ರಾಯವನ್ನು ಮಂಡಿಸಿದ್ದರು.

ಶರಣರು ದಯೆಯನ್ನು ಧರ್ಮದ ಅಲಂಕಾರವೆಂದು ಬಗೆಯಲಿಲ್ಲ, ಬೇರೆಂದು ಬಗೆದರು. ದಯೆಯೆಂದರೆ ಅಪರಾಧವನ್ನು ಮರೆಯುವದಲ್ಲ. ಅಪರಾಧಿಯು ತಿದ್ದಿಕೊಳ್ಳುವ ದಾರಿಯನ್ನೂ, ಅದಕ್ಕಿಂತ ಮಿಗಿಲಾಗಿ ದಂಡಿಸಿದವನು ತನ್ನ ತಪ್ಪನ್ನು ತಿದ್ದಿಕೊಳ್ಳುವ ದಾರಿಯನ್ನೂ ಮುಚ್ಚದಿರುವದು. ಮುಧೋಳದ ಸಂತೆಗೆ ಬಂದವರು ಕಲಿಯಲೆಂದು ಒಡ್ಡಿದ ಪಾಠವು ಭಯದ್ದಾಗಿತ್ತು. ಅವರ ಮಕ್ಕಳು ಮೊಮ್ಮಕ್ಕಳು ಲಾವಣಿಯಿಂದ ಕಲಿತ ಪಾಠವೇ ಬೇರೆ: ಮರಳಿ ಕೊಡಲಾರದ್ದನ್ನು ಕಸಿದುಕೊಳ್ಳುವ ಮುನ್ನ ದಂಡ ಹಿಡಿದ ಕೈಯು ನಡುಗಬೇಕು.