ಹಾಡು ಕಣ್ಣಿಗೆ ಕಾಣುವ ಬಗೆ: ತೊಗಲುಗೊಂಬೆಯ ಪರದೆಯಿಂದ ವಿದ್ಯಾರ್ಥಿಗಳ ಗೀತಚಿತ್ರದವರೆಗೆ

ಜನಪದ ಗೀತೆಯ ಅಧ್ಯಯನ ಬಹುಕಾಲ ಪಠ್ಯದ ಅಧ್ಯಯನವಾಗಿಯೇ ನಡೆದುಬಂದಿತು. ಹಾಡನ್ನು ಬರೆದುಕೊಳ್ಳುವುದು, ಪಾಠಾಂತರಗಳನ್ನು ಹೋಲಿಸುವುದು, ಸಂಕಲಿಸಿ ಪ್ರಕಟಿಸುವುದು ವಿದ್ವಾಂಸರ ಮುಖ್ಯ ಕಾಯಕವಾಗಿತ್ತು. ಧ್ವನಿಮುದ್ರಣ ಯಂತ್ರ ಬಂದ ಮೇಲೆ ಪಠ್ಯದ ಜೊತೆಗೆ ದನಿಗೂ ಸ್ಥಾನ ದೊರೆಯಿತು. ಇಂದು ಹೊಸ ತಲೆಮಾರಿನ ಬಹುಮಂದಿಗೆ ಹಾಡಿನ ಮೊದಲ ಪರಿಚಯವಾಗುತ್ತಿರುವುದು ದೃಶ್ಯದ ಮೂಲಕ. ಕಾಲೇಜು ವಿದ್ಯಾರ್ಥಿಗಳು ಕೈಯಲ್ಲಿರುವ ಮೊಬೈಲ್ ಫೋನಿನಿಂದಲೇ ಮೂರು ನಾಲ್ಕು ನಿಮಿಷಗಳ ಗೀತಚಿತ್ರಗಳನ್ನು, ಅಂದರೆ ಮ್ಯೂಸಿಕ್ ವಿಡಿಯೊಗಳನ್ನು, ತಯಾರಿಸುತ್ತಿದ್ದಾರೆ. ಅವರಲ್ಲಿ ಅನೇಕರು ಆರಿಸಿಕೊಳ್ಳುವುದು ಜನಪದ ಗೀತೆಯನ್ನೇ. ಕ್ಯಾಮರಾ ಎಲ್ಲಿರಬೇಕು, ಯಾರು ಚೌಕಟ್ಟಿನೊಳಗೆ ಬರಬೇಕು, ಬೆಳಕು ಯಾವ ಹೊತ್ತಿನದಾಗಿರಬೇಕು, ದೃಶ್ಯ ಎಲ್ಲಿ ತುಂಡಾಗಬೇಕು ಎಂಬ ನಿರ್ಧಾರಗಳು ಮೇಲ್ನೋಟಕ್ಕೆ ತಾಂತ್ರಿಕ ಸಂಗತಿಗಳು. ಆದರೆ ಹಾಡು ಯಾರದು, ಯಾವ ಬದುಕಿನದು ಎಂಬುದನ್ನು ನೋಡುಗನಿಗೆ ತಿಳಿಸುವವೂ ಅವೇ. ಈ ಆಯ್ಕೆಗಳಿಗೆ ಒಂದು ಚರಿತ್ರೆಯಿದೆ. ಆ ಚರಿತ್ರೆಯ ಕೆಲವು ಘಟ್ಟಗಳನ್ನು ಗುರುತಿಸಿ, ಅವು ಇಂದಿನ ವಿದ್ಯಾರ್ಥಿ ನಿರ್ಮಿತ ಗೀತಚಿತ್ರಗಳಿಗೆ ಎಷ್ಟು ಪ್ರಸ್ತುತ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪರದೆ ಮತ್ತು ರಂಗ

ಹಾಡಿಗೆ ದೃಶ್ಯವನ್ನು ಜೋಡಿಸುವ ಕ್ರಮ ಸಿನಿಮಾದಿಂದ ಆರಂಭವಾದುದಲ್ಲ. ಕರ್ನಾಟಕದ ತೊಗಲುಗೊಂಬೆಯಾಟದಲ್ಲಿ ಪರದೆ, ಹಿಂಬದಿಯ ದೀಪ, ಚಲಿಸುವ ಆಕೃತಿ ಮತ್ತು ಹಾಡು ನಾಲ್ಕೂ ಕೂಡಿಯೇ ಇದ್ದವು. ಶಿಳ್ಳೇಕ್ಯಾತ ಸಮುದಾಯದ ಕಲಾವಿದರು ಹದಗೊಳಿಸಿದ ತೊಗಲಿಗೆ ಬಣ್ಣ ಹಾಕಿ, ರಾಮಾಯಣ ಮಹಾಭಾರತಗಳ ಕಥೆಗಳನ್ನು ಹಾಡುತ್ತ ಗೊಂಬೆಗಳನ್ನು ಆಡಿಸುತ್ತ ಬಂದರು. ಎಂ. ಎಸ್. ನಂಜುಂಡರಾಯರು ಈ ಕಲೆಯ ಕುರಿತು ಮಾಡಿದ ಕೆಲಸದಿಂದ ಅದರ ಚಿತ್ರಕಲಾ ಮಹತ್ತ್ವ ವಿದ್ವಾಂಸರ ಗಮನಕ್ಕೆ ಬಂದಿತು. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.

ಈ ಕಲೆಯಲ್ಲಿ ಗೊಂಬೆಗಳ ಗಾತ್ರ ಪಾತ್ರದ ಅಂತಸ್ತನ್ನು ಅನುಸರಿಸುತ್ತದೆ. ದೇವತೆಗಳು ಮತ್ತು ಅರಸರು ದೊಡ್ಡ ಗೊಂಬೆಗಳು, ಸೇವಕರು ಮತ್ತು ಸಾಮಾನ್ಯರು ಚಿಕ್ಕವು. ಯಾರು ದೊಡ್ಡವರಾಗಿ ಕಾಣಬೇಕು ಎಂಬ ಪ್ರಶ್ನೆಗೆ ಪರಂಪರೆ ಕೊಟ್ಟುಕೊಂಡ ಉತ್ತರವಿದು. ಕ್ಯಾಮರಾದ ಸಮೀಪಚಿತ್ರ ಮತ್ತು ದೂರಚಿತ್ರಗಳ ನಡುವಣ ಆಯ್ಕೆಯಲ್ಲಿಯೂ ಇದೇ ಪ್ರಶ್ನೆ ಅಡಗಿದೆ.

ಯಕ್ಷಗಾನದ ಕ್ರಮ ಬೇರೆ. ಅಲ್ಲಿ ಭಾಗವತ ಹಾಡುತ್ತಾನೆ, ವೇಷಧಾರಿ ಆ ಪದಕ್ಕೆ ಕುಣಿಯುತ್ತಾನೆ, ಅನಂತರ ಅರ್ಥ ಹೇಳುತ್ತಾನೆ. ಹಾಡುವ ಬಾಯಿ ಒಂದು, ಅಭಿನಯಿಸುವ ದೇಹ ಇನ್ನೊಂದು. ಇದನ್ನು ಹಿನ್ನೆಲೆ ಗಾಯನದ ಪೂರ್ವರೂಪವೆಂದು ಕರೆಯುವವರು ಒಂದು ಮುಖ್ಯ ವ್ಯತ್ಯಾಸವನ್ನು ಮರೆಯಬಾರದು. ಭಾಗವತ ಮರೆಯಲ್ಲಿರುವುದಿಲ್ಲ. ರಂಗದ ಮೇಲೆ ಎಲ್ಲರ ಕಣ್ಣೆದುರಿಗೇ ಇದ್ದು ಆಟವನ್ನು ನಡೆಸುತ್ತಾನೆ. ಮೊದಲನೆಯ ವೇಷವೆಂದು ಅವನನ್ನು ಗೌರವಿಸುವ ವಾಡಿಕೆ ಅರ್ಥಪೂರ್ಣವಾದುದು.

ಮಾತಿನ ಚಿತ್ರ ಮತ್ತು ಮರೆಯಾದ ಗಾಯಕ

1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ಬಿಡುಗಡೆಯಾದ ಅರ್ದೇಶಿರ್ ಇರಾನಿಯವರ ‘ಆಲಂ ಆರಾ’ದಲ್ಲಿ ಏಳು ಹಾಡುಗಳಿದ್ದವು. ಆಗ ಧ್ವನಿ ಮತ್ತು ಚಿತ್ರ ಒಟ್ಟಿಗೇ ದಾಖಲಾಗಬೇಕಿತ್ತು. ವಾದ್ಯಗಾರರನ್ನು ಕ್ಯಾಮರಾಕ್ಕೆ ಕಾಣದಂತೆ ಸುತ್ತಮುತ್ತ ಅಡಗಿಸಿ ಕೂರಿಸಲಾಗುತ್ತಿತ್ತು. ಸ್ಟುಡಿಯೊ ಪಕ್ಕದ ರೈಲಿನ ಸದ್ದು ತಪ್ಪಿಸಲು ರಾತ್ರಿಯ ವೇಳೆ ಚಿತ್ರೀಕರಣ ನಡೆಯಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ವೈ. ವಿ. ರಾವ್ ಅವರ ನಿರ್ದೇಶನದಲ್ಲಿ ಕೊಲ್ಹಾಪುರದಲ್ಲಿ ತಯಾರಾಗಿ 1934ರ ಮಾರ್ಚ್ 3ರಂದು ತೆರೆಕಂಡಿತು. ವೃತ್ತಿರಂಗಭೂಮಿಯಿಂದ ಬಂದ ನಟರು ಹಾಡುವ ನಟರೇ ಆಗಿದ್ದುದರಿಂದ ಹಾಡು ಮತ್ತು ದೇಹ ಇನ್ನೂ ಬೇರೆಯಾಗಿರಲಿಲ್ಲ.

1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ನಿತಿನ್ ಬೋಸ್ ಅವರ ‘ಧೂಪ್ ಛಾಂವ್’ ಚಿತ್ರದಲ್ಲಿ ಮೊದಲೇ ಮುದ್ರಿಸಿಟ್ಟ ಹಾಡನ್ನು ನುಡಿಸಿ ದೃಶ್ಯ ತೆಗೆಯುವ ಕ್ರಮವನ್ನು ಬಳಸಿತು. ಇದರಿಂದ ಕ್ಯಾಮರಾ ಮೈಕ್ರೊಫೋನಿನ ಕಟ್ಟಿನಿಂದ ಬಿಡುಗಡೆ ಪಡೆಯಿತು. ಒಂದು ಚರಣವನ್ನು ಬೆಟ್ಟದಲ್ಲಿ, ಇನ್ನೊಂದನ್ನು ಹೊಳೆಯ ದಂಡೆಯಲ್ಲಿ ತೆಗೆಯುವುದು ಸಾಧ್ಯವಾಯಿತು. ಆದರೆ ಈ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯೂ ಇದೆ: ಗಾಯಕ ದೃಶ್ಯದಿಂದ ಹೊರಗುಳಿದ. ಭಾಗವತನಿಗೆ ರಂಗದ ಮೇಲಿದ್ದ ಸ್ಥಾನ ಹಿನ್ನೆಲೆ ಗಾಯಕನಿಗೆ ತೆರೆಯ ಮೇಲೆ ದೊರೆಯಲಿಲ್ಲ. ವೃತ್ತಿಗಾಯಕರಿಗೆ ಧ್ವನಿಮುದ್ರಿಕೆಯ ಮೇಲಿನ ಹೆಸರು ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು. ಜನಪದ ಗಾಯಕರಿಗೆ ಆ ಅನುಕೂಲವೂ ಬಹುತೇಕ ಇರಲಿಲ್ಲ.

ಬೆಂಗಳೂರಿನ ಒಬ್ಬ ವಿದ್ಯಾರ್ಥಿ

ಹಾಡಿನ ಚಿತ್ರೀಕರಣವನ್ನು ಸ್ವತಂತ್ರ ಕಲೆಯ ಮಟ್ಟಕ್ಕೇರಿಸಿದವರಲ್ಲಿ ಮೈಸೂರಿನಲ್ಲಿ 1923ರಲ್ಲಿ ಜನಿಸಿದ ವಿ. ಕೆ. ಮೂರ್ತಿ ಪ್ರಮುಖರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣದ ಡಿಪ್ಲೊಮಾ ಪಡೆದು 1946ರಲ್ಲಿ ಹೊರಬಂದ ಅವರು ಪಿಟೀಲು ವಾದನವನ್ನೂ ಬಲ್ಲವರಾಗಿದ್ದರು. ಮುಂದೆ ಗುರುದತ್ತರ ‘ಪ್ಯಾಸಾ’ (1957) ಮತ್ತು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ (1959) ಅವರ ಛಾಯಾಗ್ರಹಣದಲ್ಲಿ ಮೂಡಿದವು. ಎರಡನೆಯ ಚಿತ್ರದಲ್ಲಿ ಗೀತಾ ದತ್ ಹಾಡಿದ ಒಂದು ಗೀತೆಗೆ ಖಾಲಿ ಸ್ಟುಡಿಯೊದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಬೇಕಾಯಿತು. ಮೂರ್ತಿಯವರು ದೊಡ್ಡ ಕನ್ನಡಿಗಳ ಮೂಲಕ ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ ಅದನ್ನು ಸಾಧಿಸಿದರು.

ಈ ಗೀತೆಯಲ್ಲಿ ಪಾತ್ರಗಳ ತುಟಿಗಳು ಹಾಡಿಗೆ ಚಲಿಸುವುದಿಲ್ಲ. ಇಬ್ಬರು ದೂರ ದೂರ ನಿಂತಿರುತ್ತಾರೆ, ಹಾಡು ಅವರ ನಡುವಿನ ಅವಕಾಶದಲ್ಲಿ ಕೇಳುತ್ತದೆ. ತುಟಿ ಹೊಂದಿಸದಿರುವುದು ಇಲ್ಲಿ ಕೊರತೆಯಾಗಿರದೆ ಒಂದು ನಿರ್ಧಾರವಾಗಿದೆ. ಬಾಯಿಬಿಟ್ಟು ಹೇಳಲಾಗದ ಮಾತು ಹಾಡಾಗಿದೆ ಎಂಬ ಅರ್ಥವನ್ನು ಆ ನಿರ್ಧಾರವೇ ಹುಟ್ಟಿಸುತ್ತದೆ. ಕನ್ನಡಿ ಮತ್ತು ಬಿಸಿಲು ಬಡ ವಿದ್ಯಾರ್ಥಿಗೂ ಎಟುಕುವ ವಸ್ತುಗಳು ಎಂಬುದು ಇಲ್ಲಿಯ ಮತ್ತೊಂದು ಪಾಠ. 1993ರಲ್ಲಿ ‘ಹೂವು ಹಣ್ಣು’ ಎಂಬ ಕನ್ನಡ ಚಿತ್ರಕ್ಕೂ ಕೆಲಸ ಮಾಡಿದ ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ದೊರೆಯಿತು. ಅವರು 2014ರಲ್ಲಿ ನಿಧನರಾದರು.

ಗೀತಚಿತ್ರದ ಹುಟ್ಟು

ಕಥಾಚಿತ್ರದ ಆಸರೆಯಿಲ್ಲದೆ ಒಂದೇ ಹಾಡಿಗಾಗಿ ತಯಾರಾದ ಚಿತ್ರಗಳಿಗೂ ದೀರ್ಘ ಹಿನ್ನೆಲೆಯಿದೆ. 1935ರಲ್ಲಿ ಲಂಡನ್ನಿನಲ್ಲಿ ಲೆನ್ ಲೈ ‘ಎ ಕಲರ್ ಬಾಕ್ಸ್’ ಎಂಬ ಕಿರುಚಿತ್ರವನ್ನು ಕ್ಯಾಮರಾವನ್ನೇ ಬಳಸದೆ, ಫಿಲ್ಮಿನ ಮೇಲೆ ನೇರವಾಗಿ ಬಣ್ಣ ಬಳಿದು ನೃತ್ಯಸಂಗೀತಕ್ಕೆ ಹೊಂದಿಸಿದರು. 1940ರ ದಶಕದಲ್ಲಿ ಅಮೆರಿಕದ ಹೋಟೆಲು, ಮದ್ಯದಂಗಡಿಗಳಲ್ಲಿ ನಾಣ್ಯ ಹಾಕಿ ಹಾಡು ನೋಡುವ ಪ್ಯಾನೊರಾಮ್ ಯಂತ್ರಗಳಿದ್ದವು. ಅವುಗಳಿಗಾಗಿ ತಯಾರಾದ ಕಿರುಚಿತ್ರಗಳನ್ನು ಸೌಂಡೀಸ್ ಎಂದು ಕರೆಯುತ್ತಿದ್ದರು.

1965ರಲ್ಲಿ ಲಂಡನ್ನಿನ ಸವೊಯ್ ಹೋಟೆಲಿನ ಹಿಂದಿನ ಓಣಿಯೊಂದರಲ್ಲಿ ಡಿ. ಎ. ಪೆನ್ನಿಬೇಕರ್ ಅವರು ಬಾಬ್ ಡಿಲನ್ ಅವರ ಹಾಡೊಂದನ್ನು ಚಿತ್ರೀಕರಿಸಿದರು. ಗಾಯಕ ಹಾಡುವಂತೆ ನಟಿಸುವುದಿಲ್ಲ. ಹಾಡಿನ ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ತೋರಿಸಿ ಕೆಳಗೆ ಬಿಡುತ್ತಾನೆ. ಕ್ಯಾಮರಾ ಕದಲದೆ ಒಂದೇ ಶಾಟಿನಲ್ಲಿ ಇಡೀ ಹಾಡನ್ನು ನೋಡುತ್ತದೆ. 1975ರಲ್ಲಿ ಬ್ರೂಸ್ ಗವರ್ಸ್ ಅವರು ಕ್ವೀನ್ ತಂಡದ ‘ಬೊಹೀಮಿಯನ್ ರ‍್ಯಾಪ್ಸಡಿ’ಗೆ ಕೆಲವೇ ಗಂಟೆಗಳಲ್ಲಿ ಮಾಡಿದ ವಿಡಿಯೊ ಹಾಡಿನ ಪ್ರಚಾರದ ಕ್ರಮವನ್ನೇ ಬದಲಿಸಿತು. 1981ರ ಆಗಸ್ಟ್ 1ರಂದು ಅಮೆರಿಕದಲ್ಲಿ ಎಂಟಿವಿ ವಾಹಿನಿ ಆರಂಭವಾದ ಮೇಲೆ ಗೀತಚಿತ್ರ ಒಂದು ಉದ್ಯಮವಾಯಿತು. 2006ರಲ್ಲಿ ಓಕೆ ಗೋ ತಂಡ ವ್ಯಾಯಾಮಶಾಲೆಯ ಟ್ರೆಡ್‌ಮಿಲ್ ಯಂತ್ರಗಳ ಮೇಲೆ ಕುಣಿದು, ನಿಶ್ಚಲ ಕ್ಯಾಮರಾದ ಮುಂದೆ ಒಂದೇ ಶಾಟಿನಲ್ಲಿ ಹಾಡನ್ನು ಮುಗಿಸಿತು. ಡಿಲನ್ ಮತ್ತು ಓಕೆ ಗೋ ನಿದರ್ಶನಗಳೆರಡರಲ್ಲಿಯೂ ಹಣಕ್ಕಿಂತ ಒಂದು ಸ್ಪಷ್ಟ ನಿಯಮ ದುಡಿದಿದೆ ಎಂಬುದನ್ನು ಗಮನಿಸಬೇಕು.

ಭಾರತದಲ್ಲಿ 1988ರ ಆಗಸ್ಟ್ 15ರಂದು ದೂರದರ್ಶನ ಪ್ರಸಾರ ಮಾಡಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಸಿನಿಮಾಕ್ಕೆ ಸೇರದ ಗೀತಚಿತ್ರಗಳಲ್ಲಿ ಅತ್ಯಂತ ಜನಪ್ರಿಯವಾದುದು. ಗದಗಿನ ಭೀಮಸೇನ ಜೋಶಿಯವರ ದನಿಯಿಂದ ಅದು ತೊಡಗುತ್ತದೆ, ಮತ್ತು ಆ ದನಿಯ ಒಡೆಯರೇ ತೆರೆಯ ಮೇಲಿರುತ್ತಾರೆ. ಕನ್ನಡದಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990), ‘ಮೈಸೂರ ಮಲ್ಲಿಗೆ’ (1992) ಮತ್ತು ‘ನಾಗಮಂಡಲ’ (1997) ಚಿತ್ರಗಳು ತತ್ವಪದ, ಭಾವಗೀತೆ ಮತ್ತು ಜನಪದ ಧಾಟಿಗಳಿಗೆ ದೃಶ್ಯಭಾಷೆಯನ್ನು ಹುಡುಕಿದ ಪ್ರಯತ್ನಗಳಾಗಿ ಉಲ್ಲೇಖಾರ್ಹ.

ಜನಪದ ಗೀತೆಯ ಎದುರು ಕ್ಯಾಮರಾ

ಇದೇ ಕಾಲದಲ್ಲಿ ಜಾನಪದ ಕ್ಷೇತ್ರವೂ ಕ್ಯಾಮರಾವನ್ನು ಕೈಗೆತ್ತಿಕೊಂಡಿತು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ ಎಚ್. ಎಲ್. ನಾಗೇಗೌಡರು ಕಲಾವಿದರ ಧ್ವನಿ ಮತ್ತು ದೃಶ್ಯ ದಾಖಲೆಗೆ ಒತ್ತು ಕೊಟ್ಟರು. 1990ರಲ್ಲಿ ಫಿನ್ಲೆಂಡಿನ ಲೌರಿ ಹಾಂಕೊ, ಕರ್ನಾಟಕದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡ ತುಳುವಿನ ಗೋಪಾಲ ನಾಯ್ಕರಿಂದ ಸಿರಿ ಮಹಾಕಾವ್ಯವನ್ನು ಧ್ವನಿ ಮತ್ತು ವಿಡಿಯೊಗಳಲ್ಲಿ ದಾಖಲಿಸಿತು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಹಾಡುಗಾರರ ಹೆಸರಿನೊಂದಿಗೇ ಪ್ರಕಟವಾಯಿತು. ದಾಖಲೆಯ ಕ್ಯಾಮರಾ ಹಾಡುಗಾರನನ್ನು ಕೇಂದ್ರದಲ್ಲಿರಿಸುತ್ತದೆ. ಗೀತಚಿತ್ರದ ಕ್ಯಾಮರಾಕ್ಕೆ ಅಂಥ ಕಟ್ಟುಪಾಡಿಲ್ಲ. ಸಮಸ್ಯೆ ಹುಟ್ಟುವುದು ಇಲ್ಲಿಯೇ.

ಬೀಸುವ ಪದವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಸುಕಿನಲ್ಲಿ ಇಬ್ಬರು ಹೆಂಗಸರು ಎದುರುಬದುರು ಕುಳಿತು ಕಲ್ಲನ್ನು ತಿರುವುತ್ತ ತ್ರಿಪದಿಗಳನ್ನು ಹಾಡುತ್ತಾರೆ. ಹಾಡಿನ ಲಯವನ್ನು ಕಲ್ಲಿನ ಸುತ್ತು ನಿರ್ಧರಿಸುತ್ತದೆ, ಕಾಳಿನ ಪ್ರಮಾಣ ಹಾಡಿನ ಉದ್ದವನ್ನು ನಿರ್ಧರಿಸುತ್ತದೆ. ವಿದ್ಯಾರ್ಥಿಗಳು ಇದೇ ಪದವನ್ನು ಸ್ಟುಡಿಯೊದಲ್ಲಿ ತಾಳಯಂತ್ರಕ್ಕೆ ಹೊಂದಿಸಿ ಮುದ್ರಿಸಿ, ಬಳಿಕ ನಡುಹಗಲಿನ ಅಂಗಳದಲ್ಲಿ ರೇಷ್ಮೆ ಸೀರೆಯುಟ್ಟ ಗೆಳತಿಯನ್ನು ಕಲ್ಲಿನ ಮುಂದೆ ಕೂರಿಸಿದರೆ ಸಂಬಂಧ ತಿರುಗುಮುರುಗಾಗುತ್ತದೆ. ಕಲ್ಲು ಹಾಡನ್ನು ನಡೆಸುವ ಬದಲು ಹಾಡಿನ ಹಿಂದೆ ಓಡಬೇಕಾಗುತ್ತದೆ. ನಸುಕು, ದಣಿವು, ಜೊತೆಗಾತಿ ಮೂರೂ ಕಾಣೆಯಾಗುತ್ತವೆ. ಅದೇ ಪದವನ್ನು ಮೊದಲು ಕಲ್ಲಿನ ಸದ್ದಿನೊಡನೆ ಸ್ಥಳದಲ್ಲಿಯೇ ಮುದ್ರಿಸಿಕೊಂಡು, ಆ ಮುದ್ರಿಕೆಯನ್ನೇ ಚಿತ್ರೀಕರಣದಲ್ಲಿ ನುಡಿಸಿದರೆ ದೃಶ್ಯವನ್ನು ತುಂಡರಿಸಿದರೂ ಲಯ ಉಳಿಯುತ್ತದೆ. ಹೆಚ್ಚಿನ ಬೆಳಕನ್ನು ತರುವ ಬದಲು ಬಾಗಿಲ ಸಂದಿನ ಬೆಳಗಿನ ಬೆಳಕನ್ನು ಕಾಯ್ದರೆ ಖರ್ಚೂ ಇಲ್ಲ, ಸುಳ್ಳೂ ಇಲ್ಲ.

ತಾಂತ್ರಿಕ ಚಮತ್ಕಾರಗಳಿಗೂ ಈ ಮಾತು ಅನ್ವಯಿಸುತ್ತದೆ. ಸೆಕೆಂಡಿಗೆ 24ರ ಬದಲು 48 ಚಿತ್ರಗಳನ್ನು ತೆಗೆದು, ತೆಗೆಯುವಾಗ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿದರೆ, ತುಟಿಚಲನೆ ಹಾಡಿಗೆ ಹೊಂದಿಕೊಂಡೇ ದೇಹದ ಚಲನೆ ನಿಧಾನವಾಗುತ್ತದೆ. ವಿಷಾದದ ಹಾಡಿಗೆ ಇದು ಒಪ್ಪೀತು. ಕಂಸಾಳೆಯ ಕುಣಿತಕ್ಕೆ ಇದನ್ನು ಬಳಸಿದರೆ ಬಟ್ಟಲುಗಳು ಕೂಡುವ ಕ್ಷಣಕ್ಕೂ ಕೇಳುವ ಸದ್ದಿಗೂ ನಂಟು ತಪ್ಪಿ ಕಲೆಯ ಜೀವವೇ ಹೋಗುತ್ತದೆ.

ಆಯ್ಕೆಯ ಹೊಣೆ ಎಷ್ಟು ದೊಡ್ಡದೆಂಬುದನ್ನು 2020ರ ಒಂದು ಪ್ರಸಂಗ ತೋರಿಸಿತು. ಮಲೆಯ ಮಾದೇಶ್ವರ ಪರಂಪರೆಯ ಹಾಡೊಂದನ್ನು ಆಧರಿಸಿದ ಜನಪ್ರಿಯ ಗೀತಚಿತ್ರದಲ್ಲಿ ಸಂಕಮ್ಮನ ಚಿತ್ರಣ ಭಕ್ತರ ತೀವ್ರ ಆಕ್ಷೇಪಕ್ಕೆ ಗುರಿಯಾಗಿ, ತಯಾರಿಸಿದವರು ಕ್ಷಮೆ ಕೋರಬೇಕಾಯಿತು. ಇದನ್ನು ಕೇವಲ ಭಾವನೆಗೆ ಧಕ್ಕೆಯ ವಿಚಾರವೆಂದು ಬದಿಗಿಡುವಂತಿಲ್ಲ. ದೇವರಗುಡ್ಡರು ರಾತ್ರಿಯಿಡೀ ಹಾಡುವ ಕಾವ್ಯದಲ್ಲಿ ಸಂಕಮ್ಮ ಗಂಡನ ಸಂಶಯಕ್ಕೆ ತುತ್ತಾಗಿ ಹಿಂಸೆ ಉಂಡವಳು, ಅವನು ಕೇಳಿದ ಭಾಷೆಗೆ ಮಣಿಯದೆ ನಿಂತವಳು. ಇಡೀ ಸಾಲಿನ ಕಥೆ ತಿಳಿದವರಿಗೆ ಅವಳ ಉಡುಗೆ, ನಿಲುವು, ನೋಟ ಹೇಗಿರಬೇಕೆಂಬುದು ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಒಂದು ಪಲ್ಲವಿಯನ್ನು ಮಾತ್ರ ಕಿತ್ತು ತಂದಾಗ ಕಥೆ ಹಿಂದುಳಿಯುತ್ತದೆ, ಉಳಿದ ಜಾಗವನ್ನು ಚಾಲ್ತಿಯಲ್ಲಿರುವ ಸಿನಿಮಾ ನೃತ್ಯದ ರೂಢಿಗಳು ತುಂಬುತ್ತವೆ. ಹಾಗೆಂದು ಜನಪದ ಗೀತೆಯನ್ನು ಮುಟ್ಟಬಾರದೆಂದು ಹೇಳುವುದು ಸರಿಯಲ್ಲ. ಪ್ರತಿ ಹಾಡುಗಾರನೂ ಹಾಡನ್ನು ಬದಲಿಸುತ್ತಲೇ ಬಂದಿದ್ದಾನೆ. ವ್ಯತ್ಯಾಸವಿರುವುದು ತಿಳಿದು ಬದಲಿಸುವುದಕ್ಕೂ ತಿಳಿಯದೆ ಬದಲಿಸುವುದಕ್ಕೂ.

ಹಾಡುಗಾರರ ಹಕ್ಕಿನ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಮಾಡಿದ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಮಾನ್ಯ ಮಾಡಿತು. 2012ರ ತಿದ್ದುಪಡಿ ತನ್ನ ಪ್ರದರ್ಶನಕ್ಕೆ ತನ್ನ ಹೆಸರನ್ನು ಕಾಣಿಸಬೇಕೆಂದು ಕೇಳುವ ನೈತಿಕ ಹಕ್ಕನ್ನು ಸೇರಿಸಿತು. ಹಾಡಿಗೆ ಕರ್ತೃವಿಲ್ಲದಿರಬಹುದು, ಹಾಡಿದವರಿಗೆ ಹೆಸರಿದೆ. ಗೀತಚಿತ್ರದ ಕೊನೆಯಲ್ಲಿ ಸಂಕಲನಕಾರನ ಹೆಸರಿದ್ದು, ಪದ ಕಲಿಸಿದ ಅಜ್ಜಿಯ ಹೆಸರಿನ ಜಾಗದಲ್ಲಿ ‘ಜನಪದ’ ಎಂದಷ್ಟೇ ಬರೆದರೆ ಅದು ನ್ಯಾಯವಾಗದು.

ಮೇಲಿನ ನಿದರ್ಶನಗಳಿಂದ ಹೊರಡುವ ತೀರ್ಮಾನ ಇಷ್ಟು. ತೊಗಲುಗೊಂಬೆಯ ಗಾತ್ರದಿಂದ ಮೊಬೈಲ್ ಫೋನಿನ ಚೌಕಟ್ಟಿನವರೆಗೆ, ಹಾಡನ್ನು ತೋರಿಸುವ ಪ್ರತಿಯೊಂದು ಕ್ರಮವೂ ಯಾರು ಹಿರಿಯರು, ಯಾರು ಮರೆಯವರು ಎಂಬುದನ್ನು ನಿರ್ಣಯಿಸಿದೆ. ಹಿನ್ನೆಲೆ ಗಾಯನದ ತಂತ್ರ ಗಾಯಕನನ್ನು ಮರೆಗೆ ಸರಿಸಿತು. ಅದೇ ತಂತ್ರವನ್ನು ಕೈಯಲ್ಲಿ ಹಿಡಿದಿರುವ ಇಂದಿನ ವಿದ್ಯಾರ್ಥಿಗೆ ಅವರನ್ನು ಮತ್ತೆ ಕರೆತರುವ ಅವಕಾಶವಿದೆ, ಮತ್ತು ಅದಕ್ಕೆ ಹೆಚ್ಚಿನ ಹಣವಾಗಲಿ ಯಂತ್ರವಾಗಲಿ ಬೇಕಿಲ್ಲ. ಕಲಿಸುವವರು ಮಾಡಬೇಕಾದುದೆಂದರೆ, ಚಿತ್ರೀಕರಣದ ಪಟ್ಟಿಯನ್ನು ಸಿದ್ಧಪಡಿಸುವ ಮೊದಲು ಹಾಡಿನ ಸಂದರ್ಭ, ಹಾಡುವ ಹೊತ್ತು, ಹಾಡಿನೊಂದಿಗಿನ ಕೆಲಸ ಮತ್ತು ಹಾಡಿದವರ ಹೆಸರನ್ನು ಬರೆದು ತರುವಂತೆ ವಿದ್ಯಾರ್ಥಿಗಳಿಗೆ ಹೇಳುವುದು. ಹಳೆಯ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಹೊಸ ಗೀತಚಿತ್ರಕ್ಕೆ ಒದಗಬಹುದಾದ ಅತ್ಯುತ್ತಮ ಚಿತ್ರಕಥೆ.