ಹಿನ್ನೀರು ಇಳಿದಾಗ ಬರುವ ಹಕ್ಕಿಗಳು

ಕುಮಟಾ, ಹೊನ್ನಾವರ ಕಡೆ ಪ್ರವಾಸ ಹೋದವರು ಕಾಂಡ್ಲಾ ಗಿಡಗಳ ನಡುವೆ ದೋಣಿಯಲ್ಲಿ ಕುಳಿತು ಹಕ್ಕಿ ನೋಡಿ ಬರುತ್ತಾರೆ. ಅಲ್ಲಿನ ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಹಕ್ಕಿಗಳಿಗೆ ಊಟ ಬಡಿಸುವುದು ಸಮುದ್ರದ ಉಬ್ಬರ-ಇಳಿತ. ದಿನಕ್ಕೆ ಎರಡು ಸಲ ನೀರು ಏರಿ ಇಳಿಯುತ್ತದೆ. ಇಳಿದಾಗ ತೆರೆದುಕೊಳ್ಳುವ ರಾಡಿಯಲ್ಲಿ ಹುಳ, ಸಿಗಡಿ, ಚಿಪ್ಪು ಸಿಗುತ್ತವೆ.

ನಮ್ಮ ಬೀಳಗಿ ತಾಲ್ಲೂಕಿನಲ್ಲಿ ಸಮುದ್ರವೂ ಇಲ್ಲ, ಕಾಂಡ್ಲಾ ಗಿಡವೂ ಇಲ್ಲ. ಆದರೆ ಬಾಡಗಂಡಿ ಸೀಮೆಯ ಕೃಷ್ಣಾ ಹಿನ್ನೀರಿನಲ್ಲಿ ಇದೇ ಕೆಲಸ ವರ್ಷಕ್ಕೆ ಒಂದು ಸಲ ನಡೆಯುತ್ತದೆ. ಮಳೆಗಾಲದಲ್ಲಿ ನೀರು ತುಂಬುತ್ತದೆ, ಬೇಸಿಗೆಯ ಹೊತ್ತಿಗೆ ಇಳಿಯುತ್ತದೆ. ಇಳಿದಲ್ಲಿ ಹಕ್ಕಿ ಬರುತ್ತವೆ.

ಈ ನೀರು ಬರುವ ಮೊದಲು ಇಲ್ಲಿ ಇದ್ದದ್ದು ಹರಿಯುವ ಹೊಳೆ. ಸೇತುವೆ ಇಲ್ಲದ ಕಡೆ ದಾಟಿಸುತ್ತಿದ್ದವರು ಅಂಬಿಗರು, ಅವರ ಸಾಧನ ಹರಿಗೋಲು. ಬಿದಿರಿನಲ್ಲಿ ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸುತ್ತಿದ್ದರು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಇಂಥದೇ ದುಂಡನೆಯ ಚರ್ಮದ ದೋಣಿ ಕಂಡು, ಹದಿನೈದು ಇಪ್ಪತ್ತು ಜನರನ್ನು ಒಯ್ಯುತ್ತದೆ ಎಂದು ಬರೆದಿಟ್ಟ. ಅದಕ್ಕೂ ಹಿಂದೆ, 12ನೇ ಶತಮಾನದಲ್ಲಿ, ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರಿನಲ್ಲೇ ವಚನ ಹೇಳಿದ. ಕೃಷ್ಣಾ ಮಲಪ್ರಭಾ ಕೂಡುವ ಕೂಡಲಸಂಗಮ, ಕೃಷ್ಣಾ ಘಟಪ್ರಭಾ ಕೂಡುವ ಚಿಕ್ಕಸಂಗಮ, ಎರಡೂ ನಮ್ಮ ಜಿಲ್ಲೆಯಲ್ಲೇ ಇವೆ. ಹೊಳೆ ದಾಟುವುದು ಇಲ್ಲಿಯವರಿಗೆ ಮೋಜಲ್ಲ, ಬದುಕಾಗಿತ್ತು.

1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟರು. ಕೆಲಸ ಮುಗಿಯುವ ಹೊತ್ತಿಗೆ 2005 ಬಂದಿತ್ತು. 519.60 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸಿದಾಗ ಹಳೆಯ ಬಾಗಲಕೋಟೆಯ ದೊಡ್ಡ ಭಾಗ, ಹೊಳೆದಂಡೆಯ ಎಷ್ಟೋ ಹಳ್ಳಿ, ಎರೆಹೊಲ ಮುಳುಗಿದವು. ಕೊರ್ತಿ-ಕೊಲ್ಹಾರದ ನಡುವೆ ಉದ್ದನೆಯ ಸೇತುವೆ ಬಂತು. ಹೊಳೆ ದಾಟಲು ಹರಿಗೋಲು ಬೇಕಾಗಲಿಲ್ಲ. ಅದು ಮೀನು ಹಿಡಿಯುವವರ ಕೈಯಲ್ಲಿ ಉಳಿಯಿತು.

ಮುಳುಗಿದ ಹೊಲ ಸಪಾಟಾಗಿದ್ದವು. ಬೇಸಿಗೆಯಲ್ಲಿ ನೀರು ಸರಿದರೆ ಅದೇ ಹೊಲದ ಮೇಲೆ ಮೊಣಕಾಲು ಮಟ್ಟದ ನೀರು ಉಳಿಯುತ್ತದೆ. ಉದ್ದ ಕಾಲಿನ ರಾಜಹಂಸಕ್ಕೆ, ಅಂದರೆ ಫ್ಲೆಮಿಂಗೊಗೆ, ಬೇಕಾದದ್ದು ಇದೇ. ಅದು ಕೊಕ್ಕನ್ನು ತಲೆಕೆಳಗು ಮಾಡಿ ನೀರಿಗಿಳಿಸಿ, ಜರಡಿ ಹಿಡಿದಂತೆ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಆಳ ನೀರಿನಲ್ಲಿ ಅದಕ್ಕೆ ಊಟ ಕಷ್ಟ. ನೀರು ಇಳಿದು ಕಾಣುವ ಮರಳು ದಿಬ್ಬಗಳು ರೀವ ಹಕ್ಕಿಗೆ ಬೇಕು. ಅದು ಗೂಡು ಕಟ್ಟುವುದಿಲ್ಲ, ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ.

ಅಂದರೆ ಇಂದು ನಾವು ಮೊಬೈಲಿನಲ್ಲಿ ಫೋಟೊ ಹಿಡಿಯುವ ಗುಲಾಬಿ ಹಕ್ಕಿಗಳು ನಿಂತಿರುವುದು ಯಾರದೋ ಜೋಳದ ಹೊಲದ ಮೇಲೆ. ಇದನ್ನು ಮರೆತು ಹಿನ್ನೀರನ್ನು ಬರೀ ಪ್ರವಾಸದ ತಾಣ ಎನ್ನುವುದು ಅರ್ಧ ಚರಿತ್ರೆ. ಹಕ್ಕಿಯನ್ನು ಬಿಟ್ಟು ಬರೀ ಮುಳುಗಡೆಯ ಕಥೆ ಹೇಳಿದರೂ ಅರ್ಧವೇ.

ಈ ಅಂಚು ಮತ್ತೆ ಸರಿಯಬಹುದು. ಬ್ರಿಜೇಶ್ ಕುಮಾರ್ ನೇತೃತ್ವದ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ಹಾಗೆ ಏರಿಸಿದರೆ ಈಗಿನ ದಂಡೆ ಆಳಕ್ಕೆ ಹೋಗುತ್ತದೆ, ಹೊಸ ದಂಡೆ ಈಗ ಬಿತ್ತುತ್ತಿರುವ ಹೊಲಕ್ಕೆ ಬರುತ್ತದೆ. ಮನೆ, ಹೊಲ, ಬಾವಿ, ಗಿಡಮರಕ್ಕೆ ಪರಿಹಾರದ ಲೆಕ್ಕ ಹಾಕುತ್ತಾರೆ. ಹರಿಗೋಲು ಕಟ್ಟುವ ಜಾಗ, ಬಲೆ ಬೀಸುವ ತಗ್ಗು, ಹಕ್ಕಿ ಕೂಡುವ ದಿಬ್ಬ ಯಾವ ಉತಾರದಲ್ಲೂ ಇಲ್ಲ.

ಅವನ್ನು ಬರೆದಿಡುವ ಕೆಲಸ ಊರಿನವರದೇ. ಯಾವ ತಿಂಗಳು ಯಾವ ಹಕ್ಕಿ ಬಂತು, ನೀರು ಎಲ್ಲಿಯವರೆಗೆ ಇಳಿಯಿತು, ಹಳೆಯ ಊರಿನ ಗುಡಿ ಎಲ್ಲಿತ್ತು, ಅಂಬಿಗರು ಎಲ್ಲಿ ದಾಟಿಸುತ್ತಿದ್ದರು ಎಂಬುದು ಹಿರಿಯರಿಗೆ ಗೊತ್ತು. ಕೇಳಿ, ತಾರೀಖು ಹಾಕಿ ಬರೆಯಿರಿ. ಹಕ್ಕಿ ನೋಡಲು ಹೋದರೆ ದಂಡೆಯಲ್ಲೇ ನಿಲ್ಲಿ. ಹಿಂಡು ಒಮ್ಮೆ ಹಾರಿದರೆ ಅದರ ಊಟ ತಪ್ಪುತ್ತದೆ.