ತರಗು ಬೆಂಕಿ ಆರಿದ ಮೇಲೆ

1809ರ ಸುಮಾರಿಗೆ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ಅಂದದ ಗಿಡವಾಗಿ ಬಂದ ಲಂಟಾನ ಇಂದು ನಮ್ಮ ಬಿಳಿಗಿರಿರಂಗನ ಬೆಟ್ಟವನ್ನೇ ಮುತ್ತಿದೆ. ಚೌಕ ಕಾಂಡ, ಕೊಕ್ಕೆ ಮುಳ್ಳು, ಒಂದೇ ಗೊಂಚಲಲ್ಲಿ ಹಳದಿ-ಗುಲಾಬಿ ಹೂ. ಎಲೆ ಹೊಸಕಿದರೆ ಘಾಟು ನನ್ನ ಬೆರಳು ಬಿಡುವುದೇ ಇಲ್ಲ. ಕಪ್ಪು ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ.

ಈ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರು ಬೇಸಿಗೆ ಬಲಿಯುವ ಮುನ್ನವೇ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಆ ತರಗು ಬೆಂಕಿಯಲ್ಲಿ ಎಳೆ ಲಂಟಾನ ಸುಟ್ಟು ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೆಂಕಿಗೆ ತಡೆ ಬಿತ್ತು, ಲಂಟಾನ ಹಬ್ಬಿತು.

ಈಗ ಅದನ್ನು ಮಚ್ಚಿನಿಂದ ಮೇಲೆ ಸವರಿದರೆ ಮಳೆಗೆ ಬುಡ ಮತ್ತೆ ಚಿಗುರುತ್ತದೆ. ಮಣ್ಣೊಳಗೆ ಬೇರಿನ ಕೊರಳನ್ನೇ ಕಡಿದು, ಗಿಡವನ್ನು ತಲೆಕೆಳಗಾಗಿಸಿ ಒಣಗಿಸಬೇಕು. ಮಲೆ ಮಹದೇಶ್ವರ ಬೆಟ್ಟದಲ್ಲಿ ಅದರ ಕಡ್ಡಿಯಿಂದ ಕುರ್ಚಿಯನ್ನೂ ಮಾಡುತ್ತಾರೆ. ಆದರೆ ನನ್ನ ಕೇಳಿದರೆ, ಬೆಂಕಿಯ ಹದ ಬಲ್ಲವರನ್ನು ದೂರವಿಟ್ಟು ಈ ಪೊದೆಯನ್ನು ಗೆಲ್ಲಲಾಗದು.